ಒಡ್ಡದ ಸೆರಗು

ತಡೆಯಿರಿ, ಇದನ್ನು ಪೂರ್ತಿ ಕೇಳಿಯೇ ಎದ್ದು ಹೋಗಿ. ಶಿವಲೀಲಾಳಿಗೆ ಸೊಕ್ಕು ಅಂತ ನಮ್ಮ ಮರಳಿ ಊರಿನ ತುಂಬ ಸುದ್ದಿ ಹಬ್ಬಿದೆ. ನಡೆದದ್ದು ಇಷ್ಟು.

ಕೊಪ್ಪಳದವರು ಕನ್ಯೆ ನೋಡಲು ಬಂದಿದ್ದರು. ಹುಡುಗ ಶರಣಕುಮಾರ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಜೊತೆಗೆ ತಾಯಿ ಅನ್ನಮ್ಮ. ಒಗ್ಗರಣಿ-ಮಿರ್ಚಿಯ ನಾಷ್ಟಾ ಮುಗಿದು, ಚಹಾ ಕೊಟ್ಟು, ಶಿವಲೀಲಾ ಚಾಪೆಯ ಮೇಲೆ ಕೂತಳು. ಹಿರಿಯರ ಮುಂದೆ ಕನ್ಯೆ ಬಾಯಿ ಬಿಡುವಂತಿಲ್ಲ, ಉತ್ತರವೆಲ್ಲ ಮನೆಯ ಯಜಮಾನನದು. ಅಪ್ಪ ತೀರಿಹೋದ ಮೇಲೆ ಆ ಯಜಮಾನ ಕಾಕಾ ಈಶಪ್ಪ.

"ಏನ್ ಓದೀಯವ್ವಾ?" ಅನ್ನಮ್ಮ ಕೇಳಿದರು.

"ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ರಿ," ಎಂದ ಕಾಕಾ.

"ರೊಟ್ಟಿ ಬಡಿಯಾಕ ಬರ್ತೈತೇನು?"

"ಕಾಗದದಂಗ ಬಡೀತಾಳ್ರಿ." ಶಿವಲೀಲಾಳ ರೊಟ್ಟಿ ಇವತ್ತಿಗೂ ಹಂಚಿಗೆ ಹಾಕುವಷ್ಟರಲ್ಲಿ ಹರಿಯುತ್ತದೆ.

"ಗಂಗಾವತಿ ನೌಕರಿ ಬಿಡ್ತಾಳಲ್ರಿ?"

"ಇವತ್ತ ಅಂದ್ರ ನಾಳಿ ಬಿಡ್ತಾಳ್ರಿ."

ಅವಳ ಕಿವಿ ಕಾದವು. ಆ ನೌಕರಿಗಾಗಿ ಇದೇ ಕಾಕಾನ ಜೊತೆ ಎಷ್ಟು ಗುದ್ದಾಡಿದ್ದಳು. ತಲೆ ಎತ್ತಿದರೆ, ಬಾಗಿಲ ಸಂದಿಯಿಂದ ಅವ್ವ ಕಣ್ಣಲ್ಲೇ ಗದರಿಸಿದಳು.

ಶರಣಕುಮಾರ ನಕ್ಕ. "ಹುಡುಗಿ ಭಾಳ ರೆಟಿಸೆಂಟ್ ಅದಾಳ."

ಕಾಕಾನಿಗೆ ದಿಗಿಲಾಯಿತು. "ಹಂಗಂದ್ರ? ಏನರ ಬ್ಯಾನಿ ಏನ್ರಿ ಸರ?"

"ಇಲ್ರಿ. ಮನಸ್ಸಿನಾಗ ಇದ್ದದ್ದು ಹೊರಗ ಹೇಳಾಕ ಒಲ್ಲದವರಿಗೆ ಹಂಗಂತಾರ. ಒಳ್ಳೆ ಗುಣರಿ, ನನಗ ಇಂಥಾಕೀನ ಬೇಕಾಗಿತ್ತು."

"ಬಂಗಾರದಂಥಾ ಮಾತಂದ್ರಿ. ಅಕ್ಕಾರ, ಉಡಿ ತುಂಬಿಬಿಡ್ರಿ ಮತ್ತ."

ಅನ್ನಮ್ಮ ಅಕ್ಕಿ, ತೆಂಗಿನಕಾಯಿ, ಖಣ ಹಿಡಿದು ಬಂದರು. ಸೆರಗೊಡ್ಡಿದ ಉಡಿಗೆ ಇವು ಬಿದ್ದರೆ ಮುಗಿಯಿತು, ನಂಟಸ್ತನ ಗಟ್ಟಿ.

"ಏಳವ್ವ, ಸೆರಗು ಒಡ್ಡು," ಎಂದ ಕಾಕಾ.

ಶಿವಲೀಲಾ ಎದ್ದಳು. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದಳು.

"ಸರ, ಹೇಳಾಕ ಒಲ್ಲೆ ಅಂತ ನಾ ಯಾವಾಗ ಅಂದೆ? ನಿಮ್ಮವ್ವ ಕೇಳಿದ್ದಕ್ಕೆಲ್ಲಾ ಹೇಳಿದಾಂವ ನಮ್ಮ ಕಾಕಾ. ಎತ್ತಿನ ಬಾಯಿ ಕಟ್ಟಿ, ಇದು ಮೇಯಾಕ ಒಲ್ಲದು ಅಂದ್ರ ಹೆಂಗ್ರಿ? ತಾನಾಗೇ ಸುಮ್ಮನಿದ್ದಾಕಿಗೆ ಆ ಹೆಸರು ಇಡ್ರಿ. ನನಗ ಬ್ಯಾಡ."

"ಏ, ಬಾಯಿ ಮುಚ್ಚು," ಕಾಕಾ ಹಲ್ಲು ಕಡಿದ.

"ಮುಚ್ಚಿದ್ದಕ್ಕ ಇಷ್ಟಾತು ಕಾಕಾ. ನೌಕರಿ ನಾ ಬಿಡಂಗಿಲ್ಲ."

ಶರಣಕುಮಾರ ತಣ್ಣಗಾದ ಚಹಾ ಅಲ್ಲೇ ಬಿಟ್ಟು ಎದ್ದ. ಬೇಕಾಗಿದ್ದ ಗುಣ ಕಣ್ಣೆದುರೇ ಹೋಗಿಬಿಟ್ಟಿತ್ತು. ಅನ್ನಮ್ಮನ ಬೆರಳ ಸಂದಿಯಿಂದ ಅಕ್ಕಿ ಚಾಪೆಗೆ ಸುರಿಯಿತು.

ಶಿವಲೀಲಾ ಮರುದಿನ ಬೆಳಿಗ್ಗೆ ಗಂಗಾವತಿಯ ಬಸ್ಸು ಹತ್ತಿದಳು. ಕಾಕಾ ಅವಳ ಜೊತೆ ಮಾತು ಬಿಟ್ಟಿದ್ದಾನೆ. ಉಡಿಯಕ್ಕಿ ಚೆಲ್ಲಿಸಿದವಳು ಅಂತ ಊರು ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ. ಆದರೆ ಆ ಅಕ್ಕಿ-ಕಾಯಿ ನಿಮ್ಮ ಮುಂದೆ ಬಂದು ನಿಂತಿದ್ದರೆ, ನೀವಾದರೂ ಏನು ಮಾಡುತ್ತಿದ್ದಿರಿ?