ಬೀಗದ ಬಂಟನ ಕೀಲಿಕೈ ಗೊಂಚಲು

ನಮ್ಮ ಯಜಮಾನರ ಕೈ ನಡುಗುತ್ತದೆ ಎಂಬುದು ಜಗತ್ತಿನಲ್ಲಿ ಮೂವರಿಗೆ ಮಾತ್ರ ಗೊತ್ತಿತ್ತು: ಅವರಿಗೆ, ನನಗೆ, ಡಾಕ್ಟರಿಗೆ. ಡಾಕ್ಟರು ಬಾಯಿ ಬಿಡುವವರಲ್ಲ, ಅದು ಅವರ ವೃತ್ತಿಧರ್ಮ. ನಾನೂ ಬಿಟ್ಟಿರಲಿಲ್ಲ, ನನ್ನ ಬಾಯಿಯ ಗುಣ ಬಲ್ಲವರು ಇದನ್ನು ನಂಬಲಾರರು. ಇನ್ನು ಇವರು ಬಾಯಿ ಮುಚ್ಚಿಕೊಂಡಿದ್ದರೂ ಕೈಯೇ ಎಲ್ಲವನ್ನೂ ಹೇಳಿಬಿಡುತ್ತದೆಂದು, ಮನೆಯಿಂದ ಹೊರಬಿದ್ದ ಕೂಡಲೇ ಬಲಗೈಯನ್ನು ಕೋಟಿನ ಜೇಬಿಗೆ ಇಳಿಸಿಬಿಡುತ್ತಿದ್ದರು.

ಇವರು ಕಾಮಿಕ್ಸ್ ಬರೆಯುವವರು. ಇವರ ಬೀಗದ ಬಂಟನನ್ನು ಓದಿ ಬೆಳೆದವರಿಗೆ ಈಗ ತಲೆ ನರೆತಿದೆ. ಹಗಲು ಹೊತ್ತು ಬೀಗ ರಿಪೇರಿ ಮಾಡುವ ಸಾಧು ಮನುಷ್ಯ, ಕತ್ತಲಾದರೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅನ್ಯಾಯವಾಗಿ ಕೂಡಿಹಾಕಿದವರನ್ನೆಲ್ಲ ಬಿಡಿಸುವ ವೀರ. ಸೊಂಟದಲ್ಲಿ ಒಂದು ದೊಡ್ಡ ಕೀಲಿಕೈ ಗೊಂಚಲು. ಇವರು ಪೆನ್ಸಿಲ್ಲಿನಲ್ಲಿ ಚಿತ್ರ ಬರೆದು ಕೊಡುತ್ತಿದ್ದರು, ನಾನು ಅದರ ಮೇಲೆ ಶಾಯಿ ಹಾಕುತ್ತಿದ್ದೆ. ರಟ್ಟಿನ ಮೇಲೆ ಹೆಸರು ಇವರೊಬ್ಬರದೇ. ಅದಕ್ಕಾಗಿ ನಾನು ಜಗಳ ಆಡಿದವಳಲ್ಲ. ನಾವು ಜಗಳ ಆಡಿದ್ದೆಲ್ಲ ಕೀಲಿಕೈಗಳ ವಿಷಯಕ್ಕೆ. ಸಣ್ಣ ಸಣ್ಣ ಹಲ್ಲಿನ ಆ ಕೀಲಿಕೈಗಳನ್ನು ಇವರು ಉತ್ಸಾಹ ಬಂದಷ್ಟು ಬರೆದುಬಿಡುವರು, ಕಣ್ಣು ಹಾಳುಮಾಡಿಕೊಂಡು ಶಾಯಿ ಹಾಕುವವಳು ನಾನು. ಬಂಟ ಬಂದಿರುವುದು ಕಳ್ಳರನ್ನು ಹಿಡಿಯಲಿಕ್ಕೋ ಕೀಲಿಕೈ ಮಾರಲಿಕ್ಕೋ ಎಂದು ರೇಗುತ್ತಿದ್ದೆ. ಒಂದು ಕಡಿಮೆ ಮಾಡಿ ಎಂದರೆ ಎರಡು ಜಾಸ್ತಿ ಮಾಡುವ ಹಟಮಾರಿ ಅವರು.

ಕೈ ನಡುಗಲು ಶುರುವಾದ ಮೇಲೆ ಪೆನ್ಸಿಲ್ಲೂ ನನ್ನ ಪಾಲಿಗೇ ಬಂತು. ಇದನ್ನು ಊರಿಗೆಲ್ಲ ಹೇಳಿಬಿಟ್ಟರೆ ಏನಾಗುತ್ತಿತ್ತು ಎಂದು ನೀವು ಕೇಳಬಹುದು. ನೀವು ಇವರ ಅಣ್ಣನನ್ನು ನೋಡಿಲ್ಲ. ನನ್ನ ಭಾವ ಕ್ಷೌರಿಕರಾಗಿದ್ದರು. ಬೀದಿಯಲ್ಲೇ ಒಳ್ಳೆಯ ಕೈ ಎಂದು ಹೆಸರು. ಅವರಿಗೂ ಇದೇ ನಡುಕ ಬಂತು. ಒಂದು ದಿನ ಗಿರಾಕಿಯೊಬ್ಬನ ಕಿವಿಗೆ ಕತ್ತರಿ ತಾಗಿತು, ಅಂಗಡಿಯಲ್ಲಿದ್ದವರೆಲ್ಲ ಅವರ ಕೈಯನ್ನೇ ನೋಡಿದರು. ಅಂದು ಭಾವ ಮನೆಗೆ ಬಂದವರು ಮತ್ತೆ ಹೊಸ್ತಿಲು ದಾಟಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಕೂತವರು ಕೂತೇ ಹೋದರು. ಇವರು ಅಣ್ಣನಿಗೆ ತುತ್ತು ತಿನ್ನಿಸಿ ಬಂದ ದಿನಗಳಲ್ಲಿ ನನ್ನೊಡನೆ ಮಾತೇ ಆಡುತ್ತಿರಲಿಲ್ಲ. ತಮ್ಮ ಕೈ ಮೊದಲ ಸಲ ನಡುಗಿದಾಗ ಹೇಳಿದ್ದು ಒಂದೇ ಮಾತು: "ಇದನ್ನ ಜನ ನೋಡಿದ ದಿನ ನಾನೂ ಅಣ್ಣನ ಹಾಗೆ ಕೂತುಬಿಡ್ತೀನಿ, ನೋಡ್ತಿರು." ಇವರು ಹಾಗೆಲ್ಲ ಸುಮ್ಮನೆ ಹೆದರಿಸುವವರಲ್ಲ. ಅದಕ್ಕೇ ನನಗೆ ಹೆದರಿಕೆ.

ವರ್ಷಕ್ಕೊಮ್ಮೆ ನಡೆಯುವ ಕಾಮಿಕ್ಸ್ ಮೇಳಕ್ಕೆ ಮಾತ್ರ ಹೋಗದೆ ವಿಧಿಯಿರಲಿಲ್ಲ. ಅಭಿಮಾನಿಗಳು ಬಂದು ಬಂಟನ ಚಿತ್ರ ಬರೆದುಕೊಡಿ ಎಂದು ಕೇಳುವುದು ಅಲ್ಲಿನ ವಾಡಿಕೆ. ನಾನು ಮನೆಯಲ್ಲೇ ಬೇರೆ ಬೇರೆ ಭಂಗಿಯ ಬಂಟರನ್ನು ಬರೆದು ಫೈಲಿನಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಯಾರಾದರೂ ಕೇಳಿದರೆ, ಈಗ ರಶ್ಶು, ಊಟ ಆದ ಮೇಲೆ ಬನ್ನಿ ಎನ್ನುವುದು. ಬಂದಾಗ ಒಂದನ್ನು ತೆಗೆದು ಕೊಡುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮೊದಲೆಲ್ಲ ಮೇಳ ಒಂದು ಶಾಲೆಯ ಊಟದ ಹಾಲಿನಲ್ಲಿ ನಡೆಯುತ್ತಿತ್ತು. ಉದ್ದುದ್ದ ಬೆಂಚು, ಹಳೆಯ ಕಾಗದದ ವಾಸನೆ, ಒಂದು ಸಂಚಿಕೆಗಾಗಿ ಮಕ್ಕಳ ಹಾಗೆ ಕಿತ್ತಾಡುವ ದೊಡ್ಡವರು. ಈಗ ಅದು ವಿಮಾನ ನಿಲ್ಲಿಸುವಷ್ಟು ದೊಡ್ಡ ಕಟ್ಟಡಕ್ಕೆ ಹೋಗಿದೆ. ಒಳಗೆ ಹೋದರೆ ಸಿನಿಮಾ ನಟರ ಜೊತೆ ಫೋಟೋ ತೆಗೆಸಿಕೊಳ್ಳುವ ಸಾಲು, ವಿಡಿಯೋ ಗೇಮ್, ಗೊಂಬೆ, ಟೀಶರ್ಟು, ವೇಷ ಹಾಕಿದವರ ಮೆರವಣಿಗೆ. ಕಾಮಿಕ್ಸ್ ಎಲ್ಲಿದೆ ಎಂದು ಕೇಳಿದರೆ ಟಾಯ್ಲೆಟ್ ಕಡೆ ಕೈ ತೋರಿಸುತ್ತಾರೆ. ಸುಳ್ಳಲ್ಲ, ಕಾಮಿಕ್ಸ್ ಬರೆಯುವವರು ಕೂರುವ ನಮ್ಮ ಮೇಜುಗಳೆಲ್ಲ ಅದರ ಪಕ್ಕದಲ್ಲೇ ಇವೆ.

ಹಳೆಯ ಅಭಿಮಾನಿಗಳಿಗೆ ಇದೊಂದು ಹೊಟ್ಟೆಯುರಿ. ಅವರಲ್ಲಿ ಹಿರಿಯ ಪೆಟ್ಟಿಗೆ ಮಾವ. ಟೈಲರ್ ಆಗಿದ್ದು ಈಗ ಮಿಷನ್ ಮುಚ್ಚಿಟ್ಟಿರುವ ಮನುಷ್ಯ. ತಗಡಿನ ಪೆಟ್ಟಿಗೆಯಲ್ಲಿ ಬಂಟನ ಎಲ್ಲ ಸಂಚಿಕೆಗಳನ್ನೂ, ಪ್ರತಿ ವರ್ಷ ನಮ್ಮಿಂದ ಪಡೆದ ಚಿತ್ರಗಳನ್ನೂ ತುಂಬಿಕೊಂಡು ಬರುವುದರಿಂದ ಆ ಹೆಸರು. ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಮ್ಮಾ ಎಂದು ವರ್ಷವೂ ಗೋಳಾಡುವರು. ನಾನು ತಲೆದೂಗುತ್ತಿದ್ದೆ. ಒಳಗೊಳಗೆ ನನಗೆ ಸಂತೋಷವೇ. ಜನ ನಮ್ಮ ಮೇಜಿನ ಕಡೆ ನೋಡದಷ್ಟೂ ಗುಟ್ಟು ಭದ್ರ. ನೋಡದಿರಲಿ ದೇವರೇ, ನೋಡದಿರಲಿ ಎಂದು ಬೇಡಿಕೊಳ್ಳುತ್ತಿದ್ದವಳು ನಾನು.

ಈ ಸಲ ಮೇಜಿನ ಮೇಲೆ ಬಟ್ಟೆ ಹಾಸುತ್ತಿರುವಾಗಲೇ ಮೇಳ ನಡೆಸುವ ಹುಡುಗಿ ಬಂದಳು. ಕೈಯಲ್ಲಿ ಸದಾ ಗೊರಗುಡುವ ಯಂತ್ರ ಹಿಡಿದಿರುವುದರಿಂದ ನಾವೆಲ್ಲ ಅವಳನ್ನು ವಾಕಿಟಾಕಿ ಎನ್ನುತ್ತೇವೆ. ಒಳ್ಳೆಯ ಹುಡುಗಿ, ನಗುನಗುತ್ತಲೇ ಕತ್ತು ಕೊಯ್ಯುವವಳು. ಮೇಜುಗಳಿಗೆ ಈಗ ಜನ ಬರುತ್ತಿಲ್ಲ, ಮುಂದಿನ ವರ್ಷ ಇವನ್ನು ಇಡುವುದೇ ಅನುಮಾನ ಎಂದಳು. ಅದಕ್ಕೇ ಒಂದು ಉಪಾಯ ಮಾಡಿದ್ದಾಳಂತೆ. ದೊಡ್ಡ ವೇದಿಕೆಯ ಮೇಲೆ ಇವರು ಎಲ್ಲರ ಎದುರು ಬಂಟನನ್ನು ಬರೆಯಬೇಕು. ತಲೆಯ ಮೇಲೆ ಕ್ಯಾಮೆರಾ, ಹಿಂದೆ ಗೋಡೆಯಗಲದ ಪರದೆ. ಸಿನಿಮಾ ನಟ ಬರುವವರೆಗೆ ಜನರನ್ನು ಹಿಡಿದಿಟ್ಟ ಹಾಗೂ ಆಯಿತು, ಕಾಮಿಕ್ಸ್‌ಗೆ ಮರ್ಯಾದೆ ಕೊಟ್ಟ ಹಾಗೂ ಆಯಿತು.

ನಾನು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ಪೆಟ್ಟಿಗೆ ಮಾವ ಎರಡೂ ಕೈ ಜೋಡಿಸಿ ವಾಕಿಟಾಕಿಗೆ ನಮಸ್ಕಾರ ಹಾಕಿದರು. ಅವರ ಕಣ್ಣಲ್ಲಿ ನೀರು. ಕೊನೆಗೂ ನಮ್ಮವರನ್ನ ವೇದಿಕೆ ಹತ್ತಿಸಿದಿರಲ್ಲ ತಾಯಿ ಎಂದರು. ಆ ಕಣ್ಣು ನೋಡಿ ಇವರು ಆಗಲಿ ಎಂದುಬಿಟ್ಟರು. ಜೇಬಿನೊಳಗೆ ಕೈ ಮೀನಿನ ಹಾಗೆ ಒದ್ದಾಡುತ್ತಿದ್ದುದು ನನಗೊಬ್ಬಳಿಗೇ ಕಾಣುತ್ತಿತ್ತು.

ಜನ ಅತ್ತ ಸರಿದ ಮೇಲೆ ಕೈಗೆ ಬ್ಯಾಂಡೇಜ್ ಸುತ್ತೋಣ, ಕಾರಿನ ಬಾಗಿಲಿಗೆ ಸಿಕ್ಕಿತು ಅನ್ನೋಣ ಎಂದು ಪಿಸುಗುಟ್ಟಿದೆ. ಇವರು ಈಗ ಬರ್ತೀನಿ ಎಂದು ಎದ್ದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ.

ಹುಡುಕಲು ಹೊರಟೆ. ಎತ್ತ ನೋಡಿದರೂ ಮುಖವಾಡಗಳು. ಒಬ್ಬನಿಗೆ ಕೊಂಬು, ಒಬ್ಬಳಿಗೆ ಮೂರು ಕಣ್ಣು, ಒಬ್ಬನ ಮುಖದ ಜಾಗದಲ್ಲಿ ಬರೀ ಕನ್ನಡಿ, ಅದರಲ್ಲಿ ನನ್ನದೇ ಗಾಬರಿ. ಯಾರನ್ನಾದರೂ ಕೇಳೋಣವೆಂದರೆ ಮುಖವಾಡದ ಹಿಂದಿರುವುದು ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ. ಹೊರಗಿನ ರಸ್ತೆಯಲ್ಲಿ ವಾಹನಗಳು ಹೇಗೆ ಓಡುತ್ತವೆ ಎಂಬುದು ನೆನಪಾಗಿ ಜೀವ ಬಾಯಿಗೆ ಬಂತು. ಭಾವನ ಬೆನ್ನು, ಆ ಗೋಡೆ, ಎಲ್ಲ ಕಣ್ಣ ಮುಂದೆ ಬಂದು ನಿಂತವು. ಇವರೂ ಹಾಗೇ ಕೂತುಬಿಟ್ಟರೆ ನಾನು ಯಾರೊಡನೆ ಜಗಳ ಆಡಲಿ?

ಕೊನೆಗೆ ಸಿಕ್ಕಿದ್ದು ಟಾಯ್ಲೆಟ್ಟಿನ ಹೊರಗಿನ ಕೈತೊಳೆಯುವ ತೊಟ್ಟಿಯ ಹತ್ತಿರ. ಬಿಸಿನೀರಿನ ನಲ್ಲಿಗೆ ಮಣಿಕಟ್ಟು ಹಿಡಿದು ನಿಂತಿದ್ದರು. ಚರ್ಮ ಕೆಂಪಾಗಿತ್ತು. ಬಿಸಿ ತಾಗಿದರೆ ಸ್ವಲ್ಪ ಹೊತ್ತು ನಿಲ್ಲುತ್ತೆ ಅಂತ ಡಾಕ್ಟರು ಹೇಳಿದ್ದರಲ್ಲ ಎಂದರು, ಮಗುವಿನ ಹಾಗೆ. ಡಾಕ್ಟರು ಅಂಥದ್ದೇನೂ ಹೇಳಿರಲಿಲ್ಲ. ನಾನು ನಲ್ಲಿ ನಿಲ್ಲಿಸಿ, ಸೆರಗಿನಿಂದ ಕೈ ಒರೆಸಿ, ಮನೆಗೆ ಹೋಗೋಣ ನಡೀರಿ ಎಂದೆ.

"ಆ ಟೈಲರ್ ಮುಂದಿನ ಸಾಲಲ್ಲಿ ಜಾಗ ಹಿಡ್ಕೊಂಡು ಕೂತಿದ್ದಾನೆ ಕಣೇ," ಎಂದರು. "ನೀನು ಪಕ್ಕದಲ್ಲಿ ನಿಂತಿರು. ಏನಾದರೂ ಆಗ್ಲಿ, ನಾನು ತಲೆ ಎತ್ತಲ್ಲ. ನೀನೇ ನೋಡಿ ಹೇಳು."

ವೇದಿಕೆಯ ಮೇಲೆ ಸಣ್ಣ ಮೇಜು, ಬಿಳಿಯ ಹಾಳೆ, ದಪ್ಪ ಪೆನ್ನು. ಇವರಿಗೆ ಕುರ್ಚಿ. ಹಾಳೆ ಹಿಡಿದುಕೊಳ್ಳುವ ನೆಪದಲ್ಲಿ ನಾನು ಪಕ್ಕದಲ್ಲಿ ನಿಂತೆ. ಎದುರಿಗೆ ಕಣ್ಣು ಹಾಯಿಸಿದಷ್ಟೂ ಜನ. ಅಷ್ಟು ಮುಖಗಳನ್ನು ಒಟ್ಟಿಗೆ ನಾನು ನೋಡಿರಲೇ ಇಲ್ಲ. ಇವರು ಜೇಬಿನಿಂದ ಕೈ ತೆಗೆದರು. ಹಿಂದೆ ತಿರುಗಿ ನೋಡಿದೆ, ನೋಡಬಾರದಿತ್ತು. ಪರದೆಯ ಮೇಲೆ ಇವರ ಕೈ ಮಂಚದಷ್ಟು ದೊಡ್ಡದಾಗಿ ಕಾಣುತ್ತಿತ್ತು, ಒಂದೊಂದು ಬೆರಳೂ ಬೇರೆ ಬೇರೆಯಾಗಿ ನಡುಗುತ್ತಿತ್ತು.

ಪೆನ್ನು ಹಾಳೆಗೆ ತಾಗಿತು. ಬಂಟನ ಭುಜದ ಗೆರೆ ಇರುವೆಯ ಸಾಲಿನ ಹಾಗೆ ಡೊಂಕುಡೊಂಕಾಗಿ ಹೋಯಿತು. ಹಾಲಿನಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿ ಪೆಟ್ಟಿಗೆ ಮಾವ ಪರದೆಯನ್ನು ನೋಡಿದರು, ಇವರ ಕೈಯನ್ನು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ತೊಡೆಯ ಮೇಲಿದ್ದ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟು ನನ್ನನ್ನೇ ನೋಡತೊಡಗಿದರು. ಒಳಗಿದ್ದ ಚಿತ್ರಗಳು ಯಾರ ಕೈಯವು ಎಂದು ಅವರಿಗೆ ಆ ಕ್ಷಣವೇ ತಿಳಿಯಿತು. ಮುಗಿಯಿತು ಎಂದುಕೊಂಡೆ.

ಆಗ ಆ ಸದ್ದು ಬಂತು. ಸಾವಿರ ಗಂಟಲುಗಳಿಂದ ಒಟ್ಟಿಗೆ ಹೊರಟ ಒಂದು ಕೂಗು. ಇವರ ಬೆನ್ನು ಸೆಟೆದುಕೊಂಡಿತು, ಪೆನ್ನು ನಿಂತಿತು. ಕೊಟ್ಟ ಮಾತಿನಂತೆ ತಲೆ ಮಾತ್ರ ಎತ್ತಲಿಲ್ಲ.

"ನಗ್ತಿದ್ದಾರಾ?" ಎಂದು ಕೇಳಿದರು.

ನಾನು ನೋಡಿದೆ. ಯಾರೂ ನಗುತ್ತಿರಲಿಲ್ಲ. ಪಕ್ಕದ ಬಾಗಿಲಿನಿಂದ ಸಿನಿಮಾ ನಟ ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿದ್ದ. ಎಲ್ಲರೂ ಅತ್ತ ತಿರುಗಿ ಫೋನು ಎತ್ತಿ ಹಿಡಿದಿದ್ದರು. ಹಾಲಿನ ತುಂಬ ಬರೀ ಬೆನ್ನುಗಳು. ಪರದೆಯ ಮೇಲೆ ಇವರ ಕೈ ಹೋಗಿ ನಟನ ಹಲ್ಲು ಬಂದಿತ್ತು. ವಾಕಿಟಾಕಿ ಆಗಲೇ ವೇದಿಕೆ ಇಳಿದು ಓಡಿದ್ದಳು. ಬೀಸುವ ದೊಣ್ಣೆ ತಪ್ಪಿತ್ತು. ನಾನು ಬೇಡಿಕೊಂಡಿದ್ದನ್ನು ದೇವರು ಕೊಟ್ಟಿದ್ದ, ಒಂದಿಷ್ಟೂ ಬಾಕಿ ಉಳಿಸದೆ ಕೊಟ್ಟಿದ್ದ. ನೋಡುವವರೇ ಇರಲಿಲ್ಲ.

ನನಗೆ ನಿರಾಳವಾಗಬೇಕಿತ್ತು. ಆಗಲಿಲ್ಲ. ಅಲ್ಲಿಯವರೆಗೆ ನಾನು ಹೆದರಿದ್ದೆಲ್ಲ ಏನೂ ಅಲ್ಲ ಅನ್ನಿಸುವಂಥ ಒಂದು ಹೆದರಿಕೆ ಬಂತು. ಈ ಮನುಷ್ಯ ಈಗ ತಲೆ ಎತ್ತಿ ಈ ಬೆನ್ನುಗಳನ್ನು ನೋಡಿದರೆ?

"ಇಲ್ಲ," ಎಂದೆ. "ನೋಡ್ತಿದ್ದಾರೆ. ನೀವು ಬರೀರಿ."

ಅವರು ಬರೆದರು. ಭುಜ, ಕುತ್ತಿಗೆ, ಮುಖಕ್ಕೆ ಕಟ್ಟಿದ ಬಟ್ಟೆ. ಗೆರೆ ಗೆರೆಯೂ ನಡುಗಿತು, ಆದರೆ ಬಂಟನೇ. ನನ್ನ ನೇರವಾದ ಗೆರೆಗಳಲ್ಲಿ ಆ ನಿಲುವು ಯಾವತ್ತೂ ಬಂದಿರಲಿಲ್ಲ. ಕೂಗು ನಟನ ಹಿಂದೆ ಹಿಂದೆಯೇ ಫೋಟೋ ತೆಗೆಯುವ ಹಾಲಿನ ಕಡೆ ಹೋಯಿತು, ಜನರೂ ಅದರ ಹಿಂದೆಯೇ ಹೋದರು. ಖಾಲಿ ಕುರ್ಚಿಗಳು ಉಳಿದವು. ಮುಂದಿನ ಸಾಲಿನಲ್ಲಿ ಹಳಬರು ಐದಾರು ಜನ. ಒಬ್ಬರು ಏಳಲು ಹೋದರು, ಪೆಟ್ಟಿಗೆ ಮಾವ ಅವರ ತೋಳು ಹಿಡಿದು ಕೂರಿಸಿದರು. ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡರು.

ಇವರು ಬಂಟನ ಸೊಂಟಕ್ಕೆ ಇಳಿದಿದ್ದರು. ಕೀಲಿಕೈ ಗೊಂಚಲು ಒಂದೇ ಬಾಕಿ. ಹಲ್ಲು ಹಲ್ಲು ಬಿಡಿಸಿ ಒಂದು ಬರೆದರು, ಇನ್ನೊಂದು ಬರೆದರು. ಅವರ ಮುಖದಲ್ಲಿ ಹೆದರಿಕೆ ಕರಗಿ ಹಳೆಯ ಹಟ ಬರುತ್ತಿತ್ತು. ಪೆನ್ನು ಎತ್ತಿ, ತಲೆ ತಗ್ಗಿಸಿಕೊಂಡೇ ಕಿವಿಗೊಟ್ಟರು.

"ಎಷ್ಟು ಮೌನವಾಗಿ ನೋಡ್ತಿದ್ದಾರಲ್ಲೇ," ಎಂದರು.

"ಹೂಂ," ಎಂದೆ. ಹಾಳೆಯ ಮೂಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಇನ್ನೊಂದು ಕೀಲಿಕೈ ಬರೀರಿ."