ಶುಕ್ರವಾರದ ಡಬ್ಬಿ

ಅಮ್ಮ ಇನ್ನೊಂದು ವಾರ ಉಳಿಯುತ್ತೇನೆ ಎಂದಳು. ಬೇಡ ಎಂದೆ. ಗುರುವಾರ ಊರಿಂದ ಬಂದಿದ್ದ ಎಲ್ಲರನ್ನೂ ಗದಗಿನ ಕಡೆ ಹೋಗುವ ರೈಲಿಗೆ ಹತ್ತಿಸಿ ಬಂದೆ.

ಶುಕ್ರವಾರ ಬೆಳಿಗ್ಗೆ ಹಾಲು ಬಂತು, ನಲ್ಲಿಯಲ್ಲಿ ನೀರು ಬಂತು. ಎದುರು ಮನೆಯ ಹಳೆಯ ಸ್ಕೂಟರು ಎಂದಿನಂತೆ ಒದೆಸಿಕೊಂಡು ಶುರುವಾಯಿತು. ಊರಿಂದ ದೂರ ನಾವು ಬಂದು ನೆಲೆಸಿದ ಮಂಜಲ್‌ಪುರದಲ್ಲಿ ಏನೂ ಆಗಿರಲಿಲ್ಲ.

ನನ್ನ ಗಂಡ ಅನಿಲ್‌ನ ಬ್ಯಾಗು ಬಾಗಿಲ ಹಿಂದೆ ನೇತಾಡುತ್ತಿತ್ತು. ಹಿಂದಿನ ಶುಕ್ರವಾರ ಮಧ್ಯಾಹ್ನ ಅವನು ಕಾರ್ಖಾನೆಯಲ್ಲಿ ಕುಸಿದುಬಿದ್ದ. ಹೃದಯ ನಿಂತಿತ್ತು, ಎಂದರು ಡಾಕ್ಟರು. ಜೊತೆಯವರು ಆಸ್ಪತ್ರೆಗೆ ಬ್ಯಾಗು ತಂದುಕೊಟ್ಟಿದ್ದರು. ಅಂದಿನಿಂದ ಯಾರೂ ಅದನ್ನು ಬಿಚ್ಚಿರಲಿಲ್ಲ.

ಬಿಚ್ಚಿದೆ. ಒಳಗೆ ಸ್ಟೀಲಿನ ಡಬ್ಬಿ. ನಮ್ಮದಲ್ಲ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕನ್ನಡದಲ್ಲಿ ಹೆಸರು ಕೊರೆದಿತ್ತು: ಗೌರಮ್ಮ ಬಾಲಚಂದ್ರ. ಕೆಳಗಿನ ಮನೆಯವರು. ಮುಚ್ಚಳ ತೆಗೆದೆ. ಹಳಸಿದ ವಾಸನೆ, ಬದಿಗೆ ಅಂಟಿದ ಅರಿಸಿನ, ಎರಡು ಸಾಸಿವೆ ಕಾಳು. ಉಂಡು ಮುಗಿಸಿದ ಡಬ್ಬಿ.

ಶುಕ್ರವಾರ ಅವನು ಉಣ್ಣಬಾರದಿತ್ತು.

ಮಗುವಿಗಾಗಿ ನಾವಿಬ್ಬರೂ ಪ್ರತಿ ಶುಕ್ರವಾರ ಉಪವಾಸ ಹಿಡಿದಿದ್ದೆವು. ಸಂಜೆಯವರೆಗೆ ಬರೀ ನೀರು. ಇಲ್ಲಿನ ನಮ್ಮ ಪುಟ್ಟ ಕನ್ನಡ ಕ್ರೈಸ್ತ ಸಭೆಗೆ ಇದು ಗೊತ್ತಿತ್ತು. ನಾನು ಸಂಖ್ಯಾಶಾಸ್ತ್ರ ಓದಿದವಳು. ಹಸಿವಿಗೂ ಮಗುವಿಗೂ ಏನು ಸಂಬಂಧ ಎಂದು ಮೊದಲ ದಿನವೇ ಕೇಳಿದ್ದೆ. "ಸಂಬಂಧ ನಮಗ ತಿಳೀಬೇಕಂತ ಏನದ?" ಎಂದಿದ್ದ. ಸಂಜೆ ಉಪವಾಸ ಬಿಡುವಾಗ ನನಗಿಂತ ಎರಡು ಚಪಾತಿ ಹೆಚ್ಚೇ ತಿನ್ನುತ್ತಿದ್ದ.

ಮಣ್ಣು ಕೊಡುವಾಗ ಸಂತೋಷ್ ಅಯ್ಯನವರು, ನಮ್ಮ ಸಭಾಪಾಲಕರು, ಹೇಳಿದ್ದರು: "ನಮ್ಮ ಅನಿಲ ಉಪವಾಸದಾಗ ಕಣ್ಣು ಮುಚ್ಚಿದಾ. ಹಸದ ಹೊಟ್ಟಿಲೆ ಕರ್ತನ ಮನಿಗೆ ಹೋದಾ." ಎಲ್ಲರೂ ಆಮೆನ್ ಎಂದಿದ್ದರು. ನಾನೂ ಎಂದಿದ್ದೆ. ಆ ವಾರವಿಡೀ ಹಿಡಿದುಕೊಳ್ಳಲು ನನಗಿದ್ದದ್ದು ಆ ಒಂದು ಮಾತು.

ಗೌರಮ್ಮ ಉಪ್ಪಿಟ್ಟು ತಂದರು. ಅಡುಗೆಕಟ್ಟೆಯ ಮೇಲಿದ್ದ ಡಬ್ಬಿ ನೋಡಿ ನಿಂತಲ್ಲೇ ನಿಂತರು.

"ಅವರು ನಿಮ್ಮನೇಲಿ ತಿಂತಿದ್ರಾ?" ಎಂದು ಕೇಳಿದೆ.

"ಬೈಬೇಡ ಕಣಮ್ಮ. ಮೊದಲ್ನೇ ಸಲ ತಲೆ ಸುತ್ತಿ ಮೆಟ್ಟಿಲ ಮೇಲೆ ಕೂತಿದ್ದ. ನಾನೇ ಎಳ್ಕೊಂಡು ಹೋಗಿ ಎರಡು ಇಡ್ಲಿ ಹಾಕ್ದೆ. ಪ್ರತಿ ವಾರ ಏನಲ್ಲ..." ಸೆರಗು ಹಿಂಡಿದರು. "ಆಮೇಲೆ ಪ್ರತಿ ವಾರಾನೇ. 'ಅಮ್ಮ, ಬೇಗ ಬಾಗಿಲು ಹಾಕಿ, ಹೆಂಡ್ತಿ ಇಳಿದು ಬಂದಾಳು' ಅನ್ನೋನು. ನಮ್ಮೋರು ಸುಮ್ನಿರ್ತಾರಾ? 'ಏನಪ್ಪಾ, ನಿಮ್ಮ ಯೇಸುಗೆ ಒಗ್ಗರಣೆ ವಾಸನೆ ಬರಲ್ವಾ?' ಅಂತ ರೇಗಿಸೋರು. 'ಅವರಿಗೆ ಗೊತ್ತು ಅಂಕಲ್, ಮೇದಿನಿಗೆ ಗೊತ್ತಾಗ್ಬಾರ್ದು ಅಷ್ಟೇ' ಅನ್ನೋನು."

ಉಪ್ಪಿಟ್ಟಿನ ತಟ್ಟೆ ಈಸಿಕೊಂಡು ಕಟ್ಟೆಯ ಮೇಲಿಟ್ಟೆ.

"ಅವತ್ತು ಹೊತ್ತಾಗಿತ್ತು. ಕೂರಲಿಲ್ಲ. ಡಬ್ಬಿ ಕೊಡಿ, ಸಂಜೆ ತಂದುಕೊಡ್ತೀನಿ ಅಂದ." ಡಬ್ಬಿಯ ಮುಚ್ಚಳ ಮುಟ್ಟಿ ಅಂದರು, "ಆದ್ರೆ ತಟ್ಟೆ ಮುಂದೆ ಕಣ್ಣು ಮುಚ್ಚಿದ್ರೆ ತೆಗೀತಿರ್ಲಿಲ್ಲ ಕಣೇ. ಸಾಂಬಾರು ತಣ್ಣಗಾಗೋದು. ಅಷ್ಟು ಹೊತ್ತು ಏನು ಕೇಳ್ತೀಯೋ ಅಂದ್ರೆ, ಕೇಳ್ತಿಲ್ಲ ಅಮ್ಮ, ನನ್ನ ಕೈಲಿ ಆಗ್ತಿಲ್ಲ ಅಂತ ಹೇಳ್ತಿದೀನಿ, ಅನ್ನೋನು."

ಅವರು ಹೋದ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಅಳುವೂ ಬರಲಿಲ್ಲ. ಉಪ್ಪಿಟ್ಟು ಆರಿತು.

ಮಧ್ಯಾಹ್ನ ಅಯ್ಯನವರ ಫೋನು. ಸಾವಾದ ಮನೆಯವರು ವಾರ ತುಂಬಿದ ಮೇಲಿನ ಭಾನುವಾರ ಸಭೆಯಲ್ಲಿ ನಿಂತು ಸಾಕ್ಷಿ ಹೇಳುವುದು ನಮ್ಮಲ್ಲಿ ರೂಢಿ. ಸತ್ತವರ ವಿಶ್ವಾಸದ ಬಗ್ಗೆ ಒಂದೆರಡು ಮಾತು.

"ಅವನ ಉಪವಾಸದ್ದ ಹೇಳವಾ. ಹುಡುಗರಿಗೆ ಬಲ ಬರತದ."

"ನನಗ ಆಗೂದಿಲ್ರಿ ಅಯ್ಯನವರ."

"ಕರ್ತಾ ಮಾತು ಕೊಡ್ತಾನ ಬಿಡು."

ಕೊಡಲಿಲ್ಲ. ಎರಡು ದಿನ ಮೊಣಕಾಲೂರಿದೆ. ನೆಲ ತಣ್ಣಗಿತ್ತು, ಅಷ್ಟೇ. ಸುಳ್ಳು ಹೇಳಿದರೆ ಅವನು ಸಭೆಯ ಪಾಲಿಗೆ ಸಂತನಾಗಿ ಉಳಿಯುತ್ತಾನೆ. ನನ್ನ ಗಂಡನಾಗಿ ಅಲ್ಲ. ನಿಜ ಹೇಳಿದರೆ ನಕ್ಕು ಒಪ್ಪಿಕೊಳ್ಳಲು ಅವನೇ ಇಲ್ಲ.

ನಮ್ಮ ಸಭೆ ಕೂಡುವುದು ಒಂದು ಶಾಲೆಯ ಹಾಲಿನಲ್ಲಿ. ಅಯ್ಯನವರು ನನ್ನ ಹೆಸರು ಕರೆದರು. ಎದ್ದೆ.

"ಅನಿಲ್ ಶುಕ್ರವಾರ ಉಣ್ಣುತ್ತಿದ್ದರು," ಎಂದೆ. "ತೀರಿಕೊಂಡ ದಿನವೂ ಉಂಡಿದ್ದರು. ನನಗೆ ಗೊತ್ತಿರಲಿಲ್ಲ. ಉಣ್ಣುವ ಮುಂಚೆ, ನನ್ನ ಕೈಲಿ ಆಗುತ್ತಿಲ್ಲ ಎಂದು ದೇವರಿಗೆ ಹೇಳುತ್ತಿದ್ದರಂತೆ." ಇನ್ನೂ ಏನೋ ಇತ್ತು. ಸಿಗಲಿಲ್ಲ. "ನನಗೂ ಆಗುತ್ತಿಲ್ಲ."

ಕುಳಿತೆ. ಯಾರೂ ಆಮೆನ್ ಎನ್ನಲಿಲ್ಲ. ಅಯ್ಯನವರು ಹಾಡಿನ ಪುಸ್ತಕ ತಿರುವಿ ಒಂದು ಸಂಖ್ಯೆ ಹೇಳಿದರು. ಅದು ಕ್ರಿಸ್‌ಮಸ್ ಹಾಡು. ಕ್ಷಮಿಸಿರಿ ಎಂದು ಬೇರೆ ಸಂಖ್ಯೆ ಹೇಳಿದರು.

ಚಹಾ ಕೊಡುವಾಗ ನನ್ನ ಹತ್ತಿರ ಯಾರೂ ಬರಲಿಲ್ಲ. ಚಪ್ಪಲಿ ಹುಡುಕುತ್ತಿದ್ದಾಗ ಅಯ್ಯನವರು ಹಿಂದೆ ಬಂದು ನಿಂತರು.

"ಆ ದಿನಾನೂ ಉಂಡಿದ್ದನೇನವಾ?"

"ಹೌದ್ರಿ."

"ಹೊಟ್ಟಿ ತುಂಬ?"

"ಡಬ್ಬಿ ಖಾಲಿ ಇತ್ರಿ."

ಅವರ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. "ಛಲೋ ಆತು," ಎಂದರು. "ಹಸದ ಹೋಗಲಿಲ್ಲ." ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. "ಈ ಮಾತು ನಾ ಅಲ್ಲೇ ಎಲ್ಲಾರ ಮುಂದ ಹೇಳಬೇಕಿತ್ತು. ಧೈರ್ಯ ಆಗಲಿಲ್ಲವಾ."

ಚಪ್ಪಲಿ ಸಿಕ್ಕಿತು. ಬರ್ತೀನ್ರಿ ಎಂದು ಬಂದೆ.

ಸೋಮವಾರ ಡಬ್ಬಿ ತೊಳೆದೆ. ಹುಣಸೆಹಣ್ಣು ಹಚ್ಚಿ ಉಜ್ಜಿದ ಮೇಲೂ ವಾಸನೆ ಪೂರ್ತಿ ಹೋಗಲಿಲ್ಲ. ಪಾತ್ರೆ ಖಾಲಿ ಹಿಂದಿರುಗಿಸಬಾರದು ಎನ್ನುತ್ತಾರೆ. ಸಕ್ಕರೆ ಹಾಕೋಣ ಎಂದುಕೊಂಡೆ. ಸಾವಿನ ಮನೆಯ ಸಕ್ಕರೆ ಅವರಲ್ಲಿ ನಡೆಯುತ್ತದೋ ಇಲ್ಲವೋ ಗೊತ್ತಾಗಲಿಲ್ಲ. ಹಾಕಲಿಲ್ಲ.

ಗೌರಮ್ಮ ಬಾಗಿಲು ತೆರೆದರು. "ಇದಕ್ಕೇನಮ್ಮಾ ಅವಸರ ಇತ್ತು?"

"ಅವರು ಸಂಜೆ ಕೊಡ್ತೀನಿ ಅಂದಿದ್ರಲ್ಲ."

"ಒಳಗೆ ಬಾ. ಒಂದು ದೋಸೆ ಹಾಕ್ತೀನಿ. ಏನು ತಿಂದಿದೀಯೋ ಏನೋ."

"ಇವತ್ತು ಸೋಮವಾರ, ಶುಕ್ರವಾರ ಅಲ್ಲ," ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅವರೂ ಕೇಳಲಿಲ್ಲ.

ಡಬ್ಬಿ ನೀಡಿದೆ. ಅದರ ಹಿಡಿ ಸ್ವಲ್ಪ ಸಡಿಲವಾಗಿತ್ತು. ಅವನ ಕೈಯಲ್ಲಿ ಹಾಗಾಯಿತೋ, ಮೊದಲಿನಿಂದಲೂ ಹಾಗೇ ಇತ್ತೋ ಎಂದು ಕೇಳಿದೆ.

ಹೌದು, ಮೊದಲಿಂದಲೂ ಹಾಗೇ, ಎಂದು ತೆಗೆದುಕೊಂಡರು.