ಹೊರಟುಹೋಗುವ ಅನಿಲಗಳು

ತಾನು ಬರೆಯದ ಸಾಲೊಂದು ತಿರುಗಿ ಬಂದಿತ್ತು.

ಖೋಟಾ ನೋಟು ನೋಡುವವನಂತೆ ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಐದನೆಯ ಅಧ್ಯಾಯ, ಒಂಬತ್ತನೆಯ ಪುಟ. ‘ಹೊಗೆಕೊಳವೆ ಕಟ್ಟಿಕೊಂಡ ಅನುಮಾನ ಬಂದರೆ ಬಾಯ್ಲರ್ ಕೋಣೆಯಲ್ಲಿರುವ ಎಲ್ಲರೂ ಕೂಡಲೇ ಹೊರಗೆ ಹೋಗತಕ್ಕದ್ದು.’ ಮೇಷ್ಟ್ರ ಇಂಗ್ಲಿಷಿನಲ್ಲಿ ಆ ಎಚ್ಚರಿಕೆ ಇಸ್ತ್ರಿ ಹಾಕಿಕೊಂಡು ನಿಂತಿತ್ತು. ಅವನ ರಷ್ಯನ್ ಪ್ರತಿಯಲ್ಲಿ ಅದು ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಎರಡು ಸಲ, ಕೆಳಗಿನಿಂದ ಮೇಲಕ್ಕೆ ಒಂದು ಸಲ ಹುಡುಕಿದ. ಇಲ್ಲ.

ಆ ಕಚೇರಿಯ ಕ್ರಮ ಹೀಗಿತ್ತು. ಬಾಯ್ಲರ್ ಕಂಪನಿಯ ಕೈಪಿಡಿಗಳನ್ನು ಅವನು ಇಂಗ್ಲಿಷಿನಿಂದ ರಷ್ಯನ್‌ಗೆ ಮಾಡುತ್ತಿದ್ದ. ಆ ರಷ್ಯನ್ನನ್ನು ಮಾತ್ರ, ಮೂಲ ತೋರಿಸದೆ, ಹಲಗೆ ಗೋಡೆಯ ಆಚೆ ಕುಳಿತ ಮೇಷ್ಟ್ರಿಗೆ ಕೊಡುತ್ತಿದ್ದರು. ಮೇಷ್ಟ್ರು ಅದನ್ನು ಮತ್ತೆ ಇಂಗ್ಲಿಷಿಗೆ ತರುತ್ತಿದ್ದರು. ಎರಡು ಇಂಗ್ಲಿಷೂ ಹೊಂದಿದರೆ ನಡುವಿನ ರಷ್ಯನ್ ಸರಿಯಿದೆ ಎಂದು ತೀರ್ಮಾನ. ರಷ್ಯನ್ನಿನ ಒಂದಕ್ಷರವೂ ಬಾರದ ಮುಖ್ಯಸ್ಥೆ ಕಂಡುಹಿಡಿದ ಉಪಾಯ ಇದು. ಒಗೆದ ಬಟ್ಟೆ ಮತ್ತೆ ಮೊದಲಿನಷ್ಟೇ ಕೊಳೆಯಾದರೆ ಅಗಸ ಒಳ್ಳೆಯವನು ಎಂದಂತಾಯಿತು ಎಂದು ಅವನು ಒಳಗೊಳಗೇ ಆಡಿಕೊಳ್ಳುತ್ತಿದ್ದ. ಹನ್ನೊಂದು ವರ್ಷದಲ್ಲಿ ಎರಡು ಇಂಗ್ಲಿಷೂ ಹೊಂದದೆ ಹೋದದ್ದೇ ಇಲ್ಲ.

ಮೊದಲು ಅವನಿಗಾದದ್ದು ಶುದ್ಧ ಸಂತೋಷ. ಸಿಕ್ಕಿಬಿದ್ದರು! ಕಾಲೇಜಿನಲ್ಲಿ ಅವನಿಗೆ ರಷ್ಯನ್ ಕಲಿಸಿದ ಮೇಷ್ಟ್ರು. ಉಚ್ಚಾರ ತಪ್ಪಿದಾಗಲೆಲ್ಲ ‘ಬಾಯಲ್ಲಿರೋದು ಭಾಷೆಯೋ ಬಿಸ್ಕತ್ತೋ?’ ಎಂದು ಇಡೀ ತರಗತಿಯನ್ನು ನಗಿಸುತ್ತಿದ್ದ, ಅವನ ಒಂದೇ ಒಂದು ಉತ್ತರಪತ್ರಿಕೆಯ ಮೇಲೂ ‘ಚೆನ್ನಾಗಿದೆ’ ಎಂದು ಬರೆಯದ ಮೇಷ್ಟ್ರು. ಇಲ್ಲದ ಸಾಲನ್ನು ಅನುವಾದಿಸಿದ್ದಾರೆ. ಅವರದೇ ಮೂಗಿನ ದನಿಯಲ್ಲಿ, ಮೆಲ್ಲಗೆ, ಯಾರಿಗೂ ಕೇಳದಂತೆ, ‘ಬಿಸ್ಕತ್ತು ಈಗ ಯಾರ ಬಾಯಲ್ಲಪ್ಪಾ?’ ಎಂದ. ದನಿ ಎಷ್ಟು ಚೆನ್ನಾಗಿ ಕೂತಿತೆಂದರೆ ಸ್ವಲ್ಪ ಹೊತ್ತು ತಾನೇ ಬೈಸಿಕೊಂಡಂತಾಯಿತು.

ಸಂತೋಷ ಒಂದು ನಿಮಿಷ ಬದುಕಿತ್ತು. ಹಾಗಾದರೆ ಸಾಲನ್ನು ಬಿಟ್ಟವರು ಯಾರು?

ಸೋಮವಾರ ನೆನಪಾಯಿತು. ಮೂಲದವರು ಒಂದೇ ಹೊಗೆಗೆ ಒಂದೇ ಪುಟದಲ್ಲಿ ಮೂರು ಅಂಗಿ ತೊಡಿಸಿದ್ದರು: ಫ್ಲೂ ಗ್ಯಾಸ್, ವೇಸ್ಟ್ ಗ್ಯಾಸ್, ಎಕ್ಸಾಸ್ಟ್ ಗ್ಯಾಸ್. ರಷ್ಯನ್ನಿನಲ್ಲಿ ಹಾಗೆ ನಡೆಯುವುದಿಲ್ಲ. ಕಾರಿನ ಹಿಂಬದಿಯಿಂದ ಬರುವುದಕ್ಕೆ ‘ವಿಖ್ಲಪ್ನಿಯೆ’, ಚಿಮಣಿಯದಕ್ಕೆ ‘ದಿಮವೀಯೆ’. ಇದ್ದ ಶಾಖವನ್ನೆಲ್ಲ ಕೊಟ್ಟು ಕಡೆಗೆ ಬಾಯ್ಲರನ್ನು ಬಿಟ್ಟು ನಡೆಯುವುದಕ್ಕೆ ‘ಉಖದ್ಯಾಶಿಯೆ’. ಹೊರಟುಹೋಗುವ ಅನಿಲಗಳು. ಊಟ ಮುಗಿಸಿ ಕೈ ತೊಳೆದು ಬರ್ತೀನಿ ಎನ್ನುವ ನೆಂಟರಂತೆ. ಆ ಪದ ಹೊಳೆದಾಗ ಅವನು ಎದ್ದು ಕಿಟಕಿಯವರೆಗೆ ಹೋಗಿ ಬಂದಿದ್ದ. ಹೋಗುವ ಹೊಗೆ, ಹೋಗುವ ಹೊಗೆ ಎಂದು ತಾಳ ಹಾಕಿದ್ದ. ಮರಳಿ ಕುಳಿತಾಗ ಕಣ್ಣು ಒಂದು ಸಾಲು ಕೆಳಗಿಳಿದಿರಬೇಕು. ಅನಿಲಗಳು ಮರ್ಯಾದೆಯಿಂದ ಹೊರಟುಹೋಗಲು ಏರ್ಪಾಡು ಮಾಡಿ, ಮನುಷ್ಯರಿಗೆ ಹೊರಡಿ ಎಂದು ಹೇಳುವುದನ್ನು ಮರೆತಿದ್ದ.

ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಉಸಿರಿನಲ್ಲಿ ಸೇರಿದರೆ ಪ್ರಾಣಕ್ಕೇ ಅಪಾಯ ಎಂದು ಅದರ ಹಿಂದಿನ ಸಾಲಿನಲ್ಲಿ ಅವನೇ ಬರೆದಿದ್ದ. ಕೈಪಿಡಿ ನಾಲ್ಕು ಗಂಟೆಗೆ ಅಚ್ಚಿಗೆ ಹೋಗುವುದಿತ್ತು. ಒಪ್ಪಿಸಿದ ಪ್ರತಿಯನ್ನು ಮುಖ್ಯಸ್ಥೆಗೆ ಹೇಳದೆ ತಿದ್ದುವಂತಿರಲಿಲ್ಲ.

ಫೋನು ಬಡಿದುಕೊಂಡಿತು. ಹೆಂಡತಿ.

“ಅಪ್ಪನ ಕನ್ನಡಕ ರೆಡಿ ಇದೆಯಂತೆ. ಬರ್ತಾ ತಗೊಂಡು ಬನ್ನಿ.”

“ನಾನೊಂದು ಸಾಲು ತಪ್ಪಿಸಿಬಿಟ್ಟೆ ಕಣೇ.”

“ಮತ್ತೆ ಹೋಗಿ ಕ್ಯೂನಲ್ಲಿ ನಿಂತ್ಕೊಳ್ಳಿ. ಬ್ಯಾಂಕಲ್ಲಿ ಇವತ್ತು ರಶ್ಶೇನೂ ಇರಲ್ಲ.”

“ಆ ಸಾಲಲ್ಲ...”

“ಕನ್ನಡಕದ ಡಬ್ಬಿ ಕೇಳಿ ಇಸ್ಕೊಳ್ಳಿ. ಹೋದ ಸಲ ಹಾಗೇ ಜೇಬಲ್ಲಿ ಹಾಕ್ಕೊಂಡು ಬಂದ್ರಿ.”

ಅವನು ಹೂಂ ಎಂದ. ಹದಿನೈದು ವರ್ಷದ ದಾಂಪತ್ಯದಲ್ಲಿ ಹೂಂ ಎನ್ನುವುದೊಂದನ್ನು ಅವನು ನೂರು ಬಗೆಯಲ್ಲಿ ಕಲಿತಿದ್ದ. ಅವಳು ಆ ನೂರನ್ನೂ ಒಂದೇ ಎಂದು ತಿಳಿದಿದ್ದಳು.

ಮೇಷ್ಟ್ರು ಕಾರಿಡಾರಿನ ಕೊನೆಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದರು. ಅವನು ಒಂಬತ್ತನೆಯ ಪುಟವನ್ನು ಅವರ ಮುಖದ ಮುಂದೆ ಹಿಡಿದ.

“ಮೇಷ್ಟ್ರೇ, ಈ ಸಾಲು ನಿಮಗೆ ಎಲ್ಲಿ ಸಿಕ್ತು?”

“ಎಲ್ಲಿ ಸಿಗುತ್ತೆ? ನಿನ್ನ ರಷ್ಯನ್ನಲ್ಲಿ.”

“ನಾನು ಬರೆದೇ ಇಲ್ಲ.”

ಮೇಷ್ಟ್ರು ಡಬ್ಬಿಯ ಮುಚ್ಚಳ ಒರೆಸಿದರು. ಆಮೇಲೆ ಡಬ್ಬಿ ಒರೆಸಿದರು. ಆಮೇಲೆ ಒಣಗಿದ್ದ ಮುಚ್ಚಳವನ್ನೇ ಇನ್ನೊಮ್ಮೆ ಒರೆಸಿದರು.

“ಇದು ಎಷ್ಟನೇ ಬಾಯ್ಲರೋ? ಎಲ್ಲಕ್ಕೂ ಅದೇ ಐದನೇ ಅಧ್ಯಾಯ, ಅದೇ ಎಚ್ಚರಿಕೆ. ಹಳೇ ಫೈಲಿಂದ ಎತ್ತಿ ಹಾಕ್ತೀನಿ. ಅಳತೆ ಗಿಳತೆ ಇದ್ರೆ ಮಾತ್ರ ನಿನ್ನದು ನೋಡ್ತೀನಿ.”

“ಯಾವಾಗಿಂದ?”

“ಎರಡನೇ ವರ್ಷದಿಂದ ಅಂತ ಇಟ್ಕೋ.”

“ಅಂದ್ರೆ ನಾನು ಬರೆದದ್ದನ್ನ...”

“ನಿನ್ನನ್ನ ತಯಾರು ಮಾಡಿದವನು ನಾನು ಕಣೋ. ನೀನು ಬರೆದದ್ದನ್ನ ಓದೋದಂದ್ರೆ ನನ್ನ ಮೇಲೆ ನಾನೇ ಅನುಮಾನ ಪಟ್ಟ ಹಾಗಲ್ವಾ?”

ಮೇಷ್ಟ್ರು ನಕ್ಕರು. ಅವನು ನಗಲಿಲ್ಲ. ಹತ್ತು ವರ್ಷ. ಹತ್ತು ವರ್ಷದಿಂದ ಆ ಹಲಗೆಯಾಚೆ ಒಬ್ಬ ಓದುಗನಿದ್ದಾನೆ, ತನ್ನ ಪದಗಳನ್ನು ಬೆಳಕಿಗೆ ಹಿಡಿದು ನೋಡುತ್ತಾನೆ, ಬಾಯಿಬಿಟ್ಟು ಹೇಳದಿದ್ದರೂ ಆಗಾಗ ತಲೆದೂಗುತ್ತಾನೆ ಎಂದುಕೊಂಡಿದ್ದ. ಆಚೆಯಿಂದ ಕೇಳುತ್ತಿದ್ದ ಕೀಲಿಮಣೆಯ ಸದ್ದಿನ ಏರಿಳಿತದಲ್ಲೇ ಮೆಚ್ಚುಗೆ ಅಳೆದಿದ್ದ. ತನ್ನ ಅತಿ ಒಳ್ಳೆಯ ಓದುಗನನ್ನು ತಾನೇ ಅನುವಾದಿಸಿಕೊಂಡಿದ್ದನೆಂದಾಯಿತು. ಮೂಲವಿಲ್ಲದೆ.

“ನಾನು ಮೇಡಂಗೆ ಹೇಳ್ತೀನಿ,” ಎಂದ. “ಆ ಸಾಲು ಸೇರಲೇಬೇಕು.”

“ಹೇಳಪ್ಪ,” ಎಂದರು ಮೇಷ್ಟ್ರು. “ನಿನ್ನ ತಪ್ಪು ನೀನು ಒಪ್ಕೊಂಡ್ರೆ ಬೇಡ ಅನ್ನಕ್ಕೆ ನಾನ್ಯಾರು?”

ಮುಖ್ಯಸ್ಥೆ ಅವನಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಮೇಜಿನ ಮೇಲೆ ಎರಡು ಇಂಗ್ಲಿಷ್ ಪ್ರತಿಗಳು ಅಕ್ಕಪಕ್ಕ, ಅವಳಿ ಮಕ್ಕಳಂತೆ ಮಲಗಿದ್ದವು. ಅವನು ಹೇಳಿದ್ದನ್ನೆಲ್ಲ ಆಕೆ ತಲೆಯಾಡಿಸುತ್ತ ಕೇಳಿದಳು.

“ಬಿಟ್ಟುಹೋಗಿದೆ ಅಂತೀರಿ. ಆದ್ರೆ ಇಲ್ಲಿದೆಯಲ್ಲ?”

“ಅದು ವಾಪಸು ಬಂದ ಇಂಗ್ಲಿಷಿನಲ್ಲಿದೆ, ಮೇಡಂ. ರಷ್ಯನ್ನಲ್ಲಿಲ್ಲ.”

“ರಷ್ಯನ್ನಲ್ಲಿಲ್ಲದೆ ವಾಪಸು ಹೇಗೆ ಬಂತು?”

ಅದಕ್ಕೆ ಒಂದೇ ಉತ್ತರವಿತ್ತು. ಆ ಉತ್ತರ ಈಗ ತಾನೇ ಡಬ್ಬಿ ತೊಳೆದು ಒರೆಸುತ್ತಿತ್ತು. ಅವನು ರಷ್ಯನ್ ಪ್ರತಿಯ ಪುಟವನ್ನು ಮುಂದಿಟ್ಟು ಬೆರಳಿಟ್ಟು ತೋರಿಸಿದ. “ನೋಡಿ, ಇದಾದ ಮೇಲೆ ಇದು. ಮಧ್ಯೆ ಏನೂ ಇಲ್ಲ.”

“ನಂಗೆ ಅದೆಲ್ಲ ಇರುವೆ ಸಾಲು ಸಾರ್. ವಾಕ್ಯಗಳ ಲೆಕ್ಕ ಹೊಂದಲ್ವಲ್ಲ ಅಂತ ಒಂದ್ಸಲ ಕೇಳಿದ್ದಕ್ಕೆ, ಭಾಷೆ ಬದಲಾದ್ರೆ ಹೆಚ್ಚುಕಮ್ಮಿ ಆಗುತ್ತೆ, ಅನುವಾದ ಅಂದ್ರೆ ಇಟ್ಟಿಗೆ ಎಣಿಸೋದಲ್ಲ ಅಂತ ನೀವೇ ಅರ್ಧ ಗಂಟೆ ಪಾಠ ಮಾಡಿದ್ರಿ.”

ಮಾಡಿದ್ದ. ಸ್ವಲ್ಪ ಸೊಕ್ಕಿನಿಂದಲೇ ಮಾಡಿದ್ದ.

ಆಕೆ ಮೇಷ್ಟ್ರನ್ನು ಕರೆಸಿದಳು. ಆ ಕಟ್ಟಡದಲ್ಲಿ ರಷ್ಯನ್ ಬಲ್ಲವರು ಇಬ್ಬರೇ. ಇಬ್ಬರೂ ಈಗ ಆಕೆಯ ಮೇಜಿನ ಮುಂದೆ ನಿಂತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ ಒಂಬತ್ತನೆಯ ಪುಟವನ್ನು ಓದಿದರು. ನಿಜವಾಗಿ ಓದಿದರು. ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ಹುಬ್ಬು ಮೇಲೆ ಹೋಯಿತು. ಎಲ್ಲಿ ಎಂದು ಅವನಿಗೆ ಗೊತ್ತು: ಉಖದ್ಯಾಶಿಯೆ. ತನ್ನ ಎದೆ ಹೊಡೆದುಕೊಳ್ಳುತ್ತಿರುವುದು ಬಿಟ್ಟ ಸಾಲಿಗಾಗಿ ಅಲ್ಲ ಎಂದು ತಿಳಿದು ಅವನಿಗೆ ಅಸಹ್ಯವಾಯಿತು. ಆದರೂ ಹೊಡೆದುಕೊಂಡಿತು.

“ಇದೆಯಲ್ಲ,” ಎಂದರು ಮೇಷ್ಟ್ರು.

“ಎಲ್ಲಿ?” ಎಂದಳು ಮುಖ್ಯಸ್ಥೆ.

“ಬೇರೆ ವಾಕ್ಯ ಮಾಡಿಲ್ಲ ಅಷ್ಟೆ. ಮೇಲಿನ ವಾಕ್ಯದಲ್ಲೇ ಸೇರಿಸಿದ್ದಾನೆ. ನುರಿತ ಕೈ ಮಾಡೋ ಕೆಲಸ. ಬರೆದವನಿಗೇ ಮರೆತುಹೋಗಿದೆ ನೋಡಿ.” ಅವರು ಅವನ ಕಡೆ ತಿರುಗಿದರು. ಹಿಂದೆಂದೂ ಕಾಣದ ಮೆತ್ತನೆಯ ಮುಖ. “ಚೆನ್ನಾಗಿ ಮಾಡಿದೀಯ. ಅನಿಲಕ್ಕೆ ಹಾಕಿರೋ ಆ ಪದ ಇದೆಯಲ್ಲ, ನಂಗೂ ಹೊಳೀತಿರಲಿಲ್ಲ ಕಣೋ.”

ಸುಳ್ಳೂ ನಿಜವೂ ಒಂದೇ ಉಸಿರಿನಲ್ಲಿ ಬಂದವು. ಯಾವುದು ಯಾವುದೆಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಕಿವಿ ಬೆಚ್ಚಗಾಯಿತು. ಬಾಯಿ ತೆರೆದ. ಇಲ್ಲ ಎಂದರೆ ಸಾಕು: ಇಲ್ಲ ಮೇಡಂ, ಇವರು ಓದುವುದಿಲ್ಲ, ಹತ್ತು ವರ್ಷದಿಂದ ಓದಿಲ್ಲ. ಆದರೆ ಕಾಲೇಜಿನ ದಿನದಿಂದ ಇಪ್ಪತ್ತೆರಡು ವರ್ಷ ಕಾದದ್ದು ಈಗ ತಾನೇ ಕೈಗೆ ಬಂದಿತ್ತು. ಕೊಟ್ಟವರನ್ನು ಸುಳ್ಳುಗಾರ ಎಂದರೆ ಕೊಟ್ಟದ್ದನ್ನೂ ಹಿಂದಿರುಗಿಸಬೇಕಾಗುತ್ತಿತ್ತು.

“ಏನಂತೀರಿ?” ಎಂದಳು ಮುಖ್ಯಸ್ಥೆ, ಗಡಿಯಾರ ನೋಡುತ್ತ.

“ಹೂಂ,” ಎಂದ.

ಆಕೆ ಎರಡೂ ಪ್ರತಿಗಳ ಮೇಲೆ ‘ಹೊಂದಿದೆ’ ಎಂಬ ಮುದ್ರೆ ಒತ್ತಿದಳು. ಮೇಷ್ಟ್ರು ಹೊರಡುವಾಗ ಅವನ ತೋಳು ತಟ್ಟಿದರು. ಅವರ ಅಂಗೈ ಇನ್ನೂ ಒದ್ದೆಯಾಗಿತ್ತು.

ಮೂರೂವರೆಗೆ ಪುಟ ಜೋಡಿಸುವ ಹುಡುಗಿ ಕೊನೆಯ ಕರಡು ತಂದಿಟ್ಟಳು. ಅವಳಿಗೆ ರಷ್ಯನ್ ಬಾರದು. ಅಕ್ಷರಗಳೆಂದರೆ ಅವಳ ಪಾಲಿಗೆ ಬೂದು ಬಣ್ಣದ ಚೌಕಗಳು.

“ಇಲ್ಲೊಂದು ಸಹಿ ಸಾರ್. ಒಂದು ವಿಷಯ. ಒಂಬತ್ತನೇ ಪುಟದಲ್ಲಿ ಏನಾದ್ರೂ ಬಿಟ್ಟುಹೋಗಿದೆಯಾ?”

ಅವನು ತಲೆಯೆತ್ತಿದ.

“ಯಾಕೆ?”

“ಮೂಲದ ಪುಟ ಭರ್ತಿ ಇತ್ತು. ನಿಮ್ಮದರಲ್ಲಿ ಎರಡು ಸಾಲಿನ ಜಾಗ ಖಾಲಿ ಉಳೀತು. ಬೋಳು ಬೋಳು ಕಾಣ್ತಿತ್ತು, ಅದಕ್ಕೇ ಕೆಳಗಿನ ಚಿತ್ರಾನ ಸ್ವಲ್ಪ ಹಿಗ್ಗಿಸಿದೆ. ಪರವಾಗಿಲ್ವಾ?”

ಅವನು ನೋಡಿದ. ಬಾಯ್ಲರ್ ಕೋಣೆಯ ರೇಖಾಚಿತ್ರ. ನಡುವೆ ಬಾಯ್ಲರು, ಅದರ ಪಕ್ಕದಲ್ಲಿ ಅಳತೆ ತೋರಿಸಲೆಂದು ನಿಲ್ಲಿಸಿದ ಒಬ್ಬ ಮನುಷ್ಯ. ತಲೆಯ ಜಾಗದಲ್ಲಿ ಒಂದು ಸೊನ್ನೆ. ಕೈಗಳು ಪಕ್ಕಕ್ಕೆ ಇಳಿಬಿದ್ದಿದ್ದವು. ಕೊಳವೆಯೊಳಗೆ ಪುಟ್ಟ ಬಾಣಗಳು ಸಾಲಾಗಿ ಮೇಲಕ್ಕೆ ಹೊರಟಿದ್ದವು. ಹಿಗ್ಗಿದ ಚಿತ್ರಕ್ಕೆ ಪುಟದ ಅಗಲ ಸಾಲದೆ ಬಲಗಡೆಯ ಒಂದು ಪಟ್ಟಿ ಕತ್ತರಿಸಿಹೋಗಿತ್ತು. ಮೂಲದಲ್ಲಿ ಬಾಗಿಲಿದ್ದದ್ದು ಆ ಪಟ್ಟಿಯಲ್ಲಿ.

“ಸಾರ್?” ಎಂದಳು ಹುಡುಗಿ, ಪೆನ್ನು ಚಾಚುತ್ತ. “ಪರವಾಗಿಲ್ವಾ?”

ಅವನು ಪೆನ್ನು ತೆಗೆದುಕೊಂಡ. ಮನುಷ್ಯ ಕೋಣೆಯಲ್ಲಿ ನೆಟ್ಟಗೆ ನಿಂತಿದ್ದ, ಮೊದಲಿಗಿಂತ ದೊಡ್ಡದಾಗಿ.